ಟ್ವಿಗ್, ಸ್ಪ್ರಿಗ್, ಶೂಟ್, ಸ್ಟಿಕ್: ಸಣ್ಣ ಕೊಂಬೆಗೆ ಇಂಗ್ಲಿಷಿನಲ್ಲಿ ಯಾವ ಪದ ಬಳಸಬೇಕು?

ಅಡುಗೆಯ ಟಿಪ್ಪಣಿಯಲ್ಲಿರುವ ‘ಒಂದು ಎಸಳು ಕರಿಬೇವು’ ಇಂಗ್ಲಿಷಿಗೆ ಹೋಗಬೇಕು. ಕತೆಯೊಂದರಲ್ಲಿ ಮೇಷ್ಟ್ರು ಹುಣಸೆ ಬರಲು, ಅಂದರೆ ಹುಣಸೆಯ ತೆಳು ರೆಂಬೆ, ತರಿಸಿ ಬಾರಿಸುತ್ತಾರೆ, ಅದನ್ನು ಅನುವಾದಿಸಬೇಕು. ನರ್ಸರಿಯಲ್ಲಿ ದಾಸವಾಳದ ಕಡ್ಡಿಗೆ ಇಂಗ್ಲಿಷ್ ಹೆಸರಿನ ಚೀಟಿ ಅಂಟಿಸಬೇಕು. ಸಮಾನಾರ್ಥಕ ಪದಗಳ ಕೋಶ ತೆರೆದರೆ ಬ್ರಾಂಚ್, ಬೌ, ಲಿಮ್, ಟ್ವಿಗ್, ಸ್ಪ್ರಿಗ್, ಸ್ಪ್ರೇ, ಶೂಟ್, ಸ್ಟಿಕ್, ಸ್ವಿಚ್, ಸಾಯನ್ ಎಲ್ಲವೂ ಅಲ್ಪವಿರಾಮದ ಆಚೆ ಈಚೆ ಸಾಲಾಗಿ ಸಿಗುತ್ತವೆ. ಯಾವುದನ್ನು ಎತ್ತಿಕೊಂಡರೂ ನಡೆಯುತ್ತದೆ ಎನ್ನಿಸುತ್ತದೆ. ಆದರೆ ನಡೆಯುವುದಿಲ್ಲ. ಕರಿಬೇವಿಗೆ ಟ್ವಿಗ್ ಎಂದು ಬರೆದರೆ ಸಾರಿಗೆ ಒಣ ಪುಳ್ಳೆ ಹಾಕಿದಂತೆ ಓದುವವರಿಗೆ ಕೇಳಿಸುತ್ತದೆ. ಮೇಷ್ಟ್ರ ಕೈಗೆ ಸ್ಪ್ರಿಗ್ ಕೊಟ್ಟರೆ ಅವರು ಹುಡುಗನಿಗೆ ಹೂವಿನ ಕುಡಿಯಿಂದ ಹೊಡೆದಂತಾಗುತ್ತದೆ.

ಇಂಥ ಗೊಂದಲದಲ್ಲಿ ಸಿಕ್ಕಿಕೊಂಡವರಿಗೆ ಈ ಬರಹ. ಸಾಮಾನ್ಯವಾಗಿ ಎಲ್ಲರೂ ಗಾತ್ರದ ಲೆಕ್ಕದಲ್ಲಿ ಆರಿಸಲು ಹೋಗುತ್ತಾರೆ. ದಪ್ಪಗಿದ್ದರೆ ಬ್ರಾಂಚ್, ಸಣ್ಣದಾದರೆ ಟ್ವಿಗ್, ಇನ್ನೂ ಸಣ್ಣದಾದರೆ ಸ್ಪ್ರಿಗ್ ಎಂದು. ನನ್ನ ಅನುಭವದಲ್ಲಿ ಗಾತ್ರ ಕೊನೆಗೆ ನೋಡಬೇಕಾದ ವಿಷಯ. ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಬೇರೆಯೇ ಇವೆ.

ಆರಿಸುವ ಮೊದಲು ಕೇಳಿಕೊಳ್ಳಬೇಕಾದ್ದು

ಮೊದಲನೆಯದು, ಅದು ಹಸಿಯೋ ಒಣಗಿದ್ದೋ. ಎರಡನೆಯದು, ಅದಿನ್ನೂ ಮರದ ಮೇಲೆಯೇ ಇದೆಯೋ, ಮುರಿದು ಇಲ್ಲವೇ ಕತ್ತರಿಸಿ ಕೈಗೆ ಬಂದಿದೆಯೋ. ಮೂರನೆಯದು, ಎಲೆ ಹೂವುಗಳ ಸಮೇತ ಇದೆಯೋ, ಬೋಳಾಗಿದೆಯೋ. ನಾಲ್ಕನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು: ಅದು ಏತಕ್ಕೆ? ಒಲೆಗೋ, ಒಗ್ಗರಣೆಗೋ, ನೆಡುವುದಕ್ಕೋ, ಹೊಡೆಯುವುದಕ್ಕೋ, ಹಲ್ಲುಜ್ಜುವುದಕ್ಕೋ? ಇಷ್ಟಾದ ಮೇಲೆ ಓದುವವರು ಯಾರು ಎಂದು ನೋಡಬೇಕು. ಬೆಂಗಳೂರಿನ ಓದುಗರಿಗೆ ಹತ್ತಿರವಾಗುವ ಪದ ಲಂಡನ್ನಿನವರಿಗೆ ಒಗಟಾಗಬಹುದು, ಅಲ್ಲಿನದು ಇಲ್ಲಿ ಬೇರೆ ಅರ್ಥ ಕೊಡಬಹುದು.

ಗಾತ್ರ ಏಕೆ ಸಾಲದು ಎನ್ನುವುದಕ್ಕೆ ದ್ರಾಕ್ಷಿಗಿಂತ ಒಳ್ಳೆಯ ಉದಾಹರಣೆ ನನಗೆ ಕಂಡಿಲ್ಲ. ವಿಜಯಪುರ, ಬಾಗಲಕೋಟೆ ಕಡೆಯ ದ್ರಾಕ್ಷಿ ಬೆಳೆಗಾರರು ವರ್ಷಕ್ಕೆ ಎರಡು ಬಾರಿ ಬಳ್ಳಿ ಕತ್ತರಿಸುತ್ತಾರೆ. ಏಪ್ರಿಲ್ ಹೊತ್ತಿಗೆ ಹಿಂದಕ್ಕೆ ಮೊಟಕಾಗಿ ಕತ್ತರಿಸಿದಾಗ ಹೊಸದಾಗಿ ಹೊರಡುವ ಹಸಿರು ಚಿಗುರಿಗೆ ಇಂಗ್ಲಿಷಿನಲ್ಲಿ ಶೂಟ್ ಎಂದು ಹೆಸರು. ಮಳೆಗಾಲ ಕಳೆಯುವಷ್ಟರಲ್ಲಿ ಅದೇ ಚಿಗುರು ಬಲಿತು ಕಂದು ಬಣ್ಣಕ್ಕೆ ತಿರುಗುತ್ತದೆ. ಆಗ ಅದನ್ನು ಯಾರೂ ಶೂಟ್ ಅನ್ನುವುದಿಲ್ಲ, ಕೇನ್ ಅನ್ನುತ್ತಾರೆ. ಅಕ್ಟೋಬರಿನ ಕತ್ತರಿ ಬೀಳುವುದು ಆ ಕೇನ್ ಮೇಲೆ, ಫಲ ಕೊಡುವ ಕಣ್ಣು ಎಲ್ಲಿದೆ ಎಂದು ನೋಡಿಕೊಂಡು. ಒಂದೆರಡು ಕಣ್ಣು ಮಾತ್ರ ಉಳಿಸಿ ಗಿಡ್ಡವಾಗಿ ಕತ್ತರಿಸಿಬಿಟ್ಟರೆ ಉಳಿದ ಮೋಟಿಗೆ ಸ್ಪರ್ ಎಂದು ಹೆಸರು. ಒಂದೇ ರೆಂಬೆ ವರ್ಷ ತುಂಬುವುದರೊಳಗೆ ಮೂರು ಹೆಸರು ಪಡೆಯುತ್ತದೆ. ಹೆಸರನ್ನು ಬದಲಿಸಿದ್ದು ಅದರ ವಯಸ್ಸು ಮತ್ತು ಅದರಿಂದ ಆಗಬೇಕಾದ ಕೆಲಸ.

ಕನ್ನಡವೂ ಹೀಗೇ ನಡೆದುಕೊಳ್ಳುತ್ತದೆ. ಕುಡಿ, ಚಿಗುರು, ಎಸಳು, ಟಿಸಿಲು, ಬರಲು, ಪುಳ್ಳೆ, ಕಡ್ಡಿ ಇವನ್ನು ನಾವು ಒಂದರ ಬದಲು ಒಂದು ಬಳಸುವುದಿಲ್ಲ. ಹಾಗಾಗಿ ನನ್ನ ಸಲಹೆ: ಇಂಗ್ಲಿಷ್ ಕೋಶದಿಂದ ಶುರುಮಾಡಬೇಡಿ, ಬಾಯಿಗೆ ಮೊದಲು ಬಂದ ಕನ್ನಡ ಪದದಿಂದ ಶುರುಮಾಡಿ. ಮೇಲಿನ ಪ್ರಶ್ನೆಗಳಲ್ಲಿ ಅರ್ಧಕ್ಕೆ ಉತ್ತರ ಆ ಪದದಲ್ಲೇ ಇರುತ್ತದೆ. ಪ್ರಾದೇಶಿಕ ವ್ಯತ್ಯಾಸಕ್ಕೆ ತಲೆಕೆಡಿಸಿಕೊಳ್ಳಬೇಕಿಲ್ಲ. ಧಾರವಾಡದ ಟೊಂಗೆ, ಮಂಗಳೂರಿನ ಗೆಲ್ಲು, ಮೈಸೂರಿನ ಕೊಂಬೆ ಮೂರಕ್ಕೂ ಬ್ರಾಂಚ್ ಸಾಕು. ಕಷ್ಟ ಕೊಡುವುದು ‘ಕಡ್ಡಿ’ ಒಂದೇ. ಅದಕ್ಕೆ ಮುಂದೆ ಬರುತ್ತೇನೆ.

ಟ್ವಿಗ್: ಎಲ್ಲ ಕಡೆಗೂ ಹತ್ತಿರ, ಆದರೆ ಮರಕ್ಕೆ ಮಾತ್ರ

ಟ್ವಿಗ್ ಅಂದರೆ ಮರದ ಅಥವಾ ಪೊದೆಯ ತುದಿಯಲ್ಲಿರುವ, ಕಟ್ಟಿಗೆಯ ಗುಣ ಬಂದಿರುವ ತೆಳು ರೆಂಬೆ. ಈ ಪದದ ದೊಡ್ಡ ಅನುಕೂಲವೆಂದರೆ ಹಸಿ ಒಣ ಎರಡಕ್ಕೂ ಹೊಂದುತ್ತದೆ, ಮರದ ಮೇಲಿದ್ದರೂ ಸರಿ, ಕೆಳಗೆ ಬಿದ್ದಿದ್ದರೂ ಸರಿ. ಯಾವುದೂ ಖಚಿತವಿಲ್ಲದಾಗ ಇದೇ ಸುರಕ್ಷಿತ.

ಇದರ ಮಿತಿ ಎರಡು. ಟ್ವಿಗ್ ಎಂದಾಕ್ಷಣ ಇಂಗ್ಲಿಷ್ ಓದುಗರ ಕಣ್ಣಿಗೆ ಬರುವುದು ಎಲೆಯಿಲ್ಲದ ಕಡ್ಡಿ. ಚಳಿಯ ದೇಶಗಳಲ್ಲಿ ವರ್ಷದ ಹಲವು ತಿಂಗಳು ಮರಗಳು ಬೋಳಾಗಿ ನಿಂತಿರುತ್ತವೆ. ಅಲ್ಲಿ ಸಸ್ಯಶಾಸ್ತ್ರ ಕಲಿಯುವವರು ಚಳಿಗಾಲದಲ್ಲಿ ಮರವನ್ನು ಗುರುತಿಸುವುದೇ ಈ ಟ್ವಿಗ್ ನೋಡಿ: ಮೊಗ್ಗಿನ ಆಕಾರ, ಎಲೆ ಉದುರಿದ ಜಾಗದ ಗುರುತು, ತೊಗಟೆಯ ಮೇಲಿನ ಉಸಿರಾಟದ ಚುಕ್ಕೆಗಳು. ತುದಿಮೊಗ್ಗಿನ ಹೊದಿಕೆ ಕಳಚಿದಲ್ಲಿ ಉಳಿಯುವ ಉಂಗುರದಂಥ ಗುರುತುಗಳನ್ನು ಎಣಿಸಿ ರೆಂಬೆಗೆ ಎಷ್ಟು ವರ್ಷ ಎಂದೂ ಹೇಳುತ್ತಾರೆ. ಹಾಗಾಗಿ ಎಲೆ ತುಂಬಿದ ರೆಂಬೆ ಬೇಕಿದ್ದರೆ ‘ಲೀಫಿ ಟ್ವಿಗ್’ ಎಂದು ಬಿಡಿಸಿ ಹೇಳಬೇಕು. ಎರಡನೇ ಮಿತಿ: ಕೊತ್ತಂಬರಿ, ಪುದೀನ, ಬಸಳೆಯಂಥ ಮೆತ್ತನೆ ಗಿಡಗಳಿಗೆ ಟ್ವಿಗ್ ಇರುವುದಿಲ್ಲ. ಅವಕ್ಕೆ ಸ್ಟೆಮ್ ಅಥವಾ ಸ್ಪ್ರಿಗ್ ಬೇಕು.

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂಬ ಗಾದೆಯನ್ನು ಇಂಗ್ಲಿಷಿಗೆ ತರುವವರು ಇಲ್ಲೊಂದು ಆಯ್ಕೆ ಮಾಡಬೇಕಾಗುತ್ತದೆ. ನಮ್ಮ ಗಾದೆಯ ಗಿಡ ಎಳೆಯ ಸಸಿ, ಅಂದರೆ ಸ್ಯಾಪ್ಲಿಂಗ್. ಆದರೆ ಇಂಗ್ಲಿಷಿನಲ್ಲಿ ಇದೇ ಅರ್ಥದ ಮಾತು ಟ್ವಿಗ್ ಮೇಲೆ ನಿಂತಿದೆ. ಟ್ವಿಗ್ ಹೇಗೆ ಬಗ್ಗುತ್ತದೋ ಮರ ಹಾಗೇ ವಾಲುತ್ತದೆ ಎಂದು 18ನೇ ಶತಮಾನದ ಕವಿ ಅಲೆಕ್ಸಾಂಡರ್ ಪೋಪ್ ಶಿಕ್ಷಣದ ಬಗ್ಗೆ ಹೇಳುತ್ತ ಬರೆದ ಸಾಲು ಗಾದೆಯಾಗಿ ಬಳಕೆಯಲ್ಲಿದೆ. ಭಾಷಣಕ್ಕೋ ಪತ್ರಿಕೆಯ ಅಂಕಣಕ್ಕೋ ಆದರೆ ಆ ಸಿದ್ಧ ಮಾತನ್ನೇ ತೆಗೆದುಕೊಳ್ಳಿ, ಓದುವವರಿಗೆ ತಕ್ಷಣ ತಟ್ಟುತ್ತದೆ. ಕತೆಯಲ್ಲಿ ಅಜ್ಜಿಯೊಬ್ಬಳು ಈ ಮಾತು ಆಡುತ್ತಿದ್ದರೆ ಸ್ಯಾಪ್ಲಿಂಗ್ ಇಟ್ಟುಕೊಳ್ಳಿ. ಅವಳ ಬಾಯಲ್ಲಿ ಪೋಪ್‌ನ ಸಾಲು ಬಂದರೆ ಅವಳ ದನಿ ಹೋಗುತ್ತದೆ.

ಸ್ಪ್ರಿಗ್: ಅಡುಗೆಮನೆಯ ಪದ

ಎಲೆ ಅಥವಾ ಹೂವಿನ ಸಮೇತ ಚಿವುಟಿ ತೆಗೆದ, ಬೆರಳಲ್ಲಿ ಹಿಡಿಯುವಷ್ಟು ಚಿಕ್ಕ ಕುಡಿಗೆ ಸ್ಪ್ರಿಗ್ ಎನ್ನುತ್ತಾರೆ. ಹಸಿಯಾಗಿರಬೇಕು, ಎಲೆಯಿರಬೇಕು, ಗಿಡದಿಂದ ಬಿಡಿಸಿರಬೇಕು. ಪುದೀನ, ತುಳಸಿ, ದವನ, ಮರುಗ ಎಲ್ಲಕ್ಕೂ ಚೆನ್ನಾಗಿ ಕೂರುತ್ತದೆ. ದೇವರ ಮುಡಿಯಲ್ಲಿಟ್ಟ ತುಳಸಿ ಕುಡಿಗೆ ಇದಕ್ಕಿಂತ ಒಳ್ಳೆಯ ಇಂಗ್ಲಿಷ್ ಪದ ಸಿಗಲಾರದು. ತುಳಸಿ ದಳ ಅಂದಾಗ ಮಾತ್ರ ಅದು ಎಲೆ, ಅಲ್ಲಿ ಲೀಫ್ ಎಂದೇ ಬರೆಯಿರಿ.

ಕರಿಬೇವಿನ ವಿಷಯ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಹೆಚ್ಚು ಜನ ಕೇಳುವುದು ಅದನ್ನೇ. ನಾವು ಎಸಳು ಎನ್ನುವುದು ಸಸ್ಯಶಾಸ್ತ್ರದ ಪ್ರಕಾರ ರೆಂಬೆಯೇ ಅಲ್ಲ. ಅದೊಂದು ಸಂಯುಕ್ತ ಎಲೆ. ನಡುವಿನ ದಂಟಿನ ಎರಡೂ ಬದಿಗೆ 11ರಿಂದ 21ರಷ್ಟು ಕಿರುಎಲೆಗಳು ಜೋಡಿಸಿಕೊಂಡಿರುವ ಇಡೀ ಎಸಳು ಸೇರಿ ಒಂದು ಎಲೆ. ಪರೀಕ್ಷೆ ಮಾಡುವುದು ಸುಲಭ. ಕಿರುಎಲೆಯ ಬುಡದಲ್ಲಿ ಮೊಗ್ಗು ಹುಡುಕಿ, ಸಿಗುವುದಿಲ್ಲ. ಎಸಳು ಕೊಂಬೆಗೆ ಸೇರುವ ಕಂಕುಳಲ್ಲಿ ಹುಡುಕಿದರೆ ಸಿಗುತ್ತದೆ. ಬೇವಿನ ಎಸಳಿಗೂ ಇದೇ ಮಾತು. ಹಾಗಾದರೆ ಕರಿಬೇವಿಗೆ ಸ್ಪ್ರಿಗ್ ಎನ್ನುವುದು ತಪ್ಪೇ? ಅಡುಗೆಯ ಬರಹದಲ್ಲಿ ತಪ್ಪಲ್ಲ. ಭಾರತದ ಇಂಗ್ಲಿಷ್ ಅಡುಗೆ ಪುಸ್ತಕಗಳಲ್ಲಿ ‘ಎ ಸ್ಪ್ರಿಗ್ ಆಫ್ ಕರಿ ಲೀವ್ಸ್’ ಎಂಬ ಪ್ರಯೋಗ ಬೇರೂರಿ ನಿಂತಿದೆ, ಎಲ್ಲರಿಗೂ ಅರ್ಥವಾಗುತ್ತದೆ. ಸಸ್ಯಶಾಸ್ತ್ರದ ಪ್ರಬಂಧದಲ್ಲಿ ಮಾತ್ರ ಕಾಂಪೌಂಡ್ ಲೀಫ್ ಎಂದೇ ಬರೆಯಬೇಕು.

ಅಡುಗೆ ಬರೆಯುವವರಿಗೆ ನಿಜವಾದ ತೊಂದರೆ ಅಳತೆಯದು. ಹಿತ್ತಲ ಗಿಡದ ಎಸಳು ಉದ್ದವಾಗಿರುತ್ತದೆ, ಹೊರದೇಶದ ಅಂಗಡಿಯ ಪೊಟ್ಟಣದಲ್ಲಿ ಬಿಡಿ ಎಲೆಗಳೇ ತುಂಬಿರುತ್ತವೆ. ಅಮೆರಿಕದಲ್ಲೋ ಜರ್ಮನಿಯಲ್ಲೋ ಇರುವ ಓದುಗರಿಗೆ ಬರೆಯುತ್ತಿದ್ದರೆ ಒಂದು ಸ್ಪ್ರಿಗ್ ಎಂದಮೇಲೆ ಸುಮಾರು ಎಷ್ಟು ಎಲೆ ಎಂದು ಒಮ್ಮೆ ಹೇಳಿಬಿಡಿ. ಊರಿನವರಿಗಾದರೆ ಬೇಕಿಲ್ಲ.

ಇನ್ನೊಂದು ಎಚ್ಚರಿಕೆ ತಂಬುಳಿ ಬರೆಯುವವರಿಗೆ. ಪೇರಳೆ ಕುಡಿಯ ತಂಬುಳಿಗೆ ಬೇಕಾದದ್ದು ಸ್ಪ್ರಿಗ್ ಅಲ್ಲ, ತುದಿಯ ನಾಲ್ಕಾರು ಎಳೆ ಎಲೆ. ಅದಕ್ಕೆ ‘ಟೆಂಡರ್ ಟಿಪ್ಸ್’ ಅಥವಾ ‘ಟೆಂಡರ್ ಲೀವ್ಸ್’ ಸರಿ. ಸ್ಪ್ರಿಗ್ ಎಂದು ಬರೆದರೆ ಬಲಿತ ದಂಟನ್ನೂ ಸೇರಿಸಿ ರುಬ್ಬಿಯಾರು.

ಸ್ಪ್ರೇ ಎಂಬ ಪದ ಇದರ ಹತ್ತಿರದ್ದು, ಆದರೆ ಹೂವಿನ ವ್ಯಾಪಾರಕ್ಕೆ ಸೇರಿದ್ದು. ಒಂದೇ ಕಡ್ಡಿಯಲ್ಲಿ ಹಲವು ಹೂ ಕವಲೊಡೆದಿದ್ದರೆ ಸ್ಪ್ರೇ. ಸ್ಟ್ಯಾಂಡರ್ಡ್ ಕಾರ್ನೇಷನ್ ಬೆಳೆಯುವವರು ಪಕ್ಕದ ಮೊಗ್ಗುಗಳನ್ನು ಚಿವುಟಿ ನಡುವಿನ ಒಂದನ್ನೇ ದೊಡ್ಡದಾಗಿ ಅರಳಿಸುತ್ತಾರೆ. ಸ್ಪ್ರೇ ಕಾರ್ನೇಷನ್‌ನಲ್ಲಿ ಇದು ತಿರುವುಮುರುವು: ನಡುವಿನದನ್ನು ತೆಗೆದು ಪಕ್ಕದವನ್ನು ಬಿಡುತ್ತಾರೆ. ಹೂವಿನ ವ್ಯವಹಾರದಲ್ಲಿ ಇಲ್ಲದವರಿಗೆ ಈ ಪದ ಬೇಕಾಗುವುದಿಲ್ಲ. ಬಳಸಿದರೆ ಓದುವವರು ಔಷಧಿ ಸಿಂಪಡಿಸುವ ಸ್ಪ್ರೇ ಎಂದುಕೊಳ್ಳುವ ಸಾಧ್ಯತೆಯೇ ಹೆಚ್ಚು.

ಕಡ್ಡಿ ಎಂದಾಗ: ಸ್ಟಿಕ್, ಟ್ವಿಗ್, ಕಟಿಂಗ್

ಬೇವಿನ ಕಡ್ಡಿ, ಬೆಂಕಿಕಡ್ಡಿ, ಊದುಕಡ್ಡಿ, ಪೊರಕೆ ಕಡ್ಡಿ, ಕಸಿ ಕಡ್ಡಿ, ಹಿಪ್ಪುನೇರಳೆ ಕಡ್ಡಿ. ಕನ್ನಡದ ಕಡ್ಡಿ ತೆಳ್ಳಗೆ ಉದ್ದಗಿರುವ ಎಲ್ಲಕ್ಕೂ ಸಲ್ಲುತ್ತದೆ. ಹೀಗಾಗಿ ಕನ್ನಡ ಪದದಿಂದ ಶುರುಮಾಡಿ ಎಂದ ನನ್ನ ಸಲಹೆ ಇಲ್ಲಿ ಮಾತ್ರ ಸಾಲುವುದಿಲ್ಲ. ಏತಕ್ಕೆ ಎಂಬ ಪ್ರಶ್ನೆಯನ್ನೇ ನೆಚ್ಚಿಕೊಳ್ಳಬೇಕು.

ಸ್ಟಿಕ್ ಅಂದರೆ ಮರದಿಂದ ಬೇರ್ಪಟ್ಟ, ಎಲೆಯಿಲ್ಲದ, ಬಹುತೇಕ ಒಣಗಿದ ಕಡ್ಡಿ ಅಥವಾ ಕೋಲು. ಮರದ ಮೇಲೆ ಜೀವಂತ ಇರುವುದಕ್ಕೆ ಸ್ಟಿಕ್ ಎನ್ನುವುದಿಲ್ಲ. ಹಲ್ಲುಜ್ಜುವ ಬೇವಿನ ಕಡ್ಡಿ ಆಗಷ್ಟೇ ಮುರಿದ ಹಸಿ ರೆಂಬೆ, ಆದ್ದರಿಂದ ನೀಮ್ ಟ್ವಿಗ್ ಎನ್ನುವುದು ಒಳ್ಳೆಯದು. ದಂತವೈದ್ಯಕೀಯದ ಲೇಖನವಾದರೆ ಅಲ್ಲಿನ ರೂಢಿಯ ಪದ ಚ್ಯೂಯಿಂಗ್ ಸ್ಟಿಕ್. ಉತ್ತರ ಭಾರತದ ಓದುಗರಿಗೆ ದಾತುನ್ ಎಂದರೆ ಇನ್ನೂ ಹತ್ತಿರ.

ಹಕ್ಕಿಗೂಡಿನ ವಿಷಯದಲ್ಲಿ ಗಾತ್ರಕ್ಕೂ ಒಂದಿಷ್ಟು ಮಾತಿದೆ. ಕಾಗೆಯ ಗೂಡಿಗೆ ಟ್ವಿಗ್ಸ್. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹುಣಸೆಮರಗಳ ಮೇಲೆ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು ಕಟ್ಟುವ ಅಗಲವಾದ ಗೂಡಿಗೆ ಪಕ್ಷಿತಜ್ಞರು ಬಳಸುವುದು ಸ್ಟಿಕ್ ನೆಸ್ಟ್. ಸಾಮಾನ್ಯ ಓದುಗರಿಗೆ ಬರೆಯುವಾಗ ಎರಡಕ್ಕೂ ಟ್ವಿಗ್ಸ್ ಎಂದರೆ ಯಾರೂ ಆಕ್ಷೇಪಿಸುವುದಿಲ್ಲ.

ಒಲೆಗೆ ಹಾಕುವ ಪುಳ್ಳೆಗೆ ಮೂರು ದಾರಿ ಇದೆ. ಉರಿ ಹತ್ತಿಸಲು ಎಂಬುದು ಮುಖ್ಯವಾದರೆ ಕಿಂಡ್ಲಿಂಗ್. ಕಾಡಿನಿಂದ ಹೊರೆಗಟ್ಟಲೆ ತಂದದ್ದು ಎನ್ನುವುದಾದರೆ ಬ್ರಷ್‌ವುಡ್. ಅಜ್ಜಿ ಹಿತ್ತಲಲ್ಲಿ ಒಂದೊಂದಾಗಿ ಆಯ್ದಳು ಎನ್ನುವುದಾದರೆ ಡ್ರೈ ಟ್ವಿಗ್ಸ್. ಮೊದಲ ಎರಡು ಪದಗಳನ್ನು ಎಣಿಸಲು ಬರುವುದಿಲ್ಲ. ಎ ಕಿಂಡ್ಲಿಂಗ್, ಟೂ ಬ್ರಷ್‌ವುಡ್ಸ್ ಎಂದು ಬರೆಯಬಾರದು. ಸೌದೆಗೆ ಹೇಳುವ ಫೈರ್‌ವುಡ್ ಕೂಡ ಹಾಗೇ. ಸೌದೆಹೊರೆಗೆ ಹಳೆಯ ನಿಘಂಟುಗಳು ಫ್ಯಾಗಟ್ ಎಂಬ ಪದ ಕೊಡುತ್ತವೆ. ದಯವಿಟ್ಟು ಅದನ್ನು ಬಳಸಬೇಡಿ. ಇಂದಿನ ಇಂಗ್ಲಿಷಿನಲ್ಲಿ, ಅಮೆರಿಕದಲ್ಲಂತೂ, ಅದು ಸಲಿಂಗಿ ಪುರುಷರನ್ನು ಹೀಯಾಳಿಸುವ ಬೈಗುಳ. ಬಂಡಲ್ ಆಫ್ ಫೈರ್‌ವುಡ್ ಎಂದರೆ ಅರ್ಥಕ್ಕೂ ಕೊರತೆಯಿಲ್ಲ, ಯಾರಿಗೂ ನೋವಿಲ್ಲ.

ಹೋಮದ ಸಮಿತ್ತನ್ನು ಕಿಂಡ್ಲಿಂಗ್ ಎಂದು ಅನುವಾದಿಸಿದ್ದು ನನಗೆ ಒಪ್ಪಿಗೆಯಾಗುವುದಿಲ್ಲ. ಚೋಟುದ್ದಕ್ಕೆ ಕತ್ತರಿಸಿದ ಅತ್ತಿ, ಅರಳಿ, ಮುತ್ತುಗದ ಆ ಕಡ್ಡಿ ಉರಿ ಹತ್ತಿಸುವ ಸಾಧನವಲ್ಲ, ಅದೇ ಆಹುತಿ. ನವಗ್ರಹ ಹೋಮದಲ್ಲಿ ಸೂರ್ಯನಿಗೆ ಎಕ್ಕ, ಶುಕ್ರನಿಗೆ ಅತ್ತಿ, ಶನಿಗೆ ಶಮಿ ಎಂದು ಒಂದೊಂದು ಗ್ರಹಕ್ಕೆ ಒಂದೊಂದು ಸಮಿತ್ತು ಗೊತ್ತುಮಾಡಿದ್ದಾರೆ. ಸಮಿಧ್ ಎಂಬ ಪದವನ್ನೇ ಉಳಿಸಿಕೊಂಡು, ಅಗ್ನಿಗೆ ಅರ್ಪಿಸುವ ಸ್ಟಿಕ್ ಎಂದು ಒಮ್ಮೆ ವಿವರಿಸುವುದು ಉತ್ತಮ.

ಬರಲು: ಸ್ವಿಚ್ ಬಳಸಬೇಕೇ?

ಹಸಿಯಾದ, ಎಲೆ ಸವರಿದ, ಬಳುಕುವ, ಹೊಡೆಯಲೆಂದೇ ಮುರಿದ ತೆಳು ರೆಂಬೆ: ಇಂಗ್ಲಿಷಿನಲ್ಲಿ ಇದಕ್ಕೆ ಅಳತೆ ತೆಗೆದು ಹೊಲಿದಂಥ ಪದ ಸ್ವಿಚ್. ನಮ್ಮ ಹುಣಸೆ ಬರಲಿನ ಎಲ್ಲ ಗುಣವೂ ಅದರಲ್ಲಿದೆ, ಗಾಳಿಯಲ್ಲಿ ಬೀಸುವ ಸದ್ದು ಸಹ. ಅಮೆರಿಕದ ಓದುಗರಿಗೆ, ಅದರಲ್ಲೂ ದಕ್ಷಿಣದ ರಾಜ್ಯಗಳವರಿಗೆ, ತಪ್ಪು ಮಾಡಿದ ಮಗುವನ್ನೇ ಹಿತ್ತಲಿಗೆ ಕಳಿಸಿ ಸ್ವಿಚ್ ಮುರಿದು ತರಿಸುತ್ತಿದ್ದ ನೆನಪು ಈ ಪದಕ್ಕೆ ಅಂಟಿಕೊಂಡಿದೆ. ನಮ್ಮ ಮೇಷ್ಟ್ರುಗಳು ಮಾಡುತ್ತಿದ್ದದ್ದೂ ಅದನ್ನೇ.

ತೊಡಕು ಇರುವುದು ಭಾರತದ ಓದುಗರಲ್ಲಿ. ಇಲ್ಲಿ ಸ್ವಿಚ್ ಅಂದರೆ ಗೋಡೆಯ ಮೇಲಿನದು, ಬೇರೆ ಅರ್ಥ ಹೊಳೆಯುವುದೇ ಇಲ್ಲ. ‘ಟ್ಯಾಮರಿಂಡ್ ಸ್ವಿಚ್’ ಓದಿದ ಬೆಂಗಳೂರಿನ ಹುಡುಗಿ ಒಂದು ಕ್ಷಣ ತಡವರಿಸುತ್ತಾಳೆ, ಏಟಿನ ಬಿಸಿ ಆರಿಹೋಗುತ್ತದೆ. ಭಾರತದ ಇಂಗ್ಲಿಷಿನಲ್ಲಿ ಶಾಲೆಯ ಶಿಕ್ಷೆಗೆ ರೂಢಿಯಾದ ಪದ ಕೇನ್. ಆದರೆ ಅದು ಬೆತ್ತ, ಅಂಗಡಿಯಿಂದ ತಂದು ಮೇಜಿನ ಮೇಲೆ ಇಟ್ಟುಕೊಳ್ಳುವಂಥದ್ದು. ಹುಣಸೆ ಬರಲು ಆ ಹೊತ್ತಿಗೆ ಮರದಿಂದ ಮುರಿದದ್ದು. ಕೇನ್ ಎಂದರೆ ಮರ ಕಾಣೆಯಾಗುತ್ತದೆ, ಮರ ಹತ್ತಿ ಬರಲು ಮುರಿದುಕೊಟ್ಟ ಇನ್ನೊಬ್ಬ ಹುಡುಗನೂ ಕಾಣೆಯಾಗುತ್ತಾನೆ. ಟ್ವಿಗ್ ಎಂದರೆ ನೋವು ಕಾಣೆಯಾಗುತ್ತದೆ.

ನನ್ನ ತೀರ್ಮಾನ ಹೀಗಿದೆ. ಪುಸ್ತಕ ಹೊರದೇಶದಲ್ಲಿ ಪ್ರಕಟವಾಗುವುದಾದರೆ ಸ್ವಿಚ್ ಬಳಸಿ, ಮೊದಲ ಸಲ ಬರುವ ವಾಕ್ಯದಲ್ಲಿ ಮುರಿದದ್ದನ್ನೋ ಎಲೆ ಸವರಿದ್ದನ್ನೋ ಸೇರಿಸಿ, ಅರ್ಥ ತಾನಾಗಿ ತಿಳಿಯುತ್ತದೆ. ಭಾರತದ ಓದುಗರಿಗಾದರೆ ‘ಗ್ರೀನ್ ಟ್ಯಾಮರಿಂಡ್ ಸ್ಟಿಕ್’ ಎಂಬ ಸರಳ ದಾರಿ ಸಾಕು. ಗ್ರೀನ್ ಎಂಬ ಒಂದು ಮಾತು ಸ್ಟಿಕ್‌ನ ಒಣತನವನ್ನು ಕಳೆದು ಬಳುಕು ತರುತ್ತದೆ. ವಿದಿ, ಓಸಿಯರ್ ಎಂಬ ಪದಗಳೂ ಬಳುಕುವ ಕಡ್ಡಿಗಳವೇ, ಆದರೆ ಅವು ಬುಟ್ಟಿ ಹೆಣೆಯುವ ವಿಲೋ ಮರದವು. ಇಂಗ್ಲೆಂಡಿನ ಸಾಮರ್‌ಸೆಟ್ ಜೌಗುಪ್ರದೇಶದಲ್ಲಿ ಅದನ್ನು ಬೆಳೆಯುತ್ತಾರೆ. ಹುಣಸೆಗೆ ಅವು ಬೇಡ.

ನೆಡುವವರಿಗೆ, ಕಸಿ ಕಟ್ಟುವವರಿಗೆ

ಇಲ್ಲಿ ಪದ ತಪ್ಪಿದರೆ ಬರಹ ಕೆಡುವುದಷ್ಟೇ ಅಲ್ಲ, ದುಡ್ಡೂ ಹೋಗುತ್ತದೆ. ಆರ್ಡರ್ ಕೊಟ್ಟವರಿಗೆ ಒಂದು, ತಲುಪುವುದು ಇನ್ನೊಂದು.

ಬೇರು ಬರಿಸಲು ನೆಡುವ ತುಂಡಿಗೆ ಕಟಿಂಗ್. ದಾಸವಾಳ, ಗುಲಾಬಿ, ಮೂರ್ನಾಲ್ಕು ಕಣ್ಣಿರುವಂತೆ ಕತ್ತರಿಸಿದ ಹಿಪ್ಪುನೇರಳೆ ಎಲ್ಲವೂ ಕಟಿಂಗ್. ಕಬ್ಬಿನ ಬಿತ್ತನೆ ತುಂಡಿಗೆ ಮಾತ್ರ ಸೆಟ್ ಎಂಬ ಬೇರೆ ಪದವಿದೆ. ಕಾಳುಮೆಣಸಿನಲ್ಲಿ ಬುಡದಿಂದ ನೆಲದ ಮೇಲೆ ಹರಿಯುವ ಹಬ್ಬುಬಳ್ಳಿಗೆ ರನ್ನರ್ ಶೂಟ್, ಅದನ್ನು ತುಂಡರಿಸಿ ನೆಟ್ಟಾಗ ಆ ತುಂಡು ಮತ್ತೆ ಕಟಿಂಗ್.

ಬೇರೆ ಗಿಡದ ಮೇಲೆ ಕೂರಿಸುವ ಕಡ್ಡಿ ಸಾಯನ್. ಮಾವಿನ ಕಸಿಗೆ ಒಂದು ವಾರ, ಹತ್ತು ದಿನ ಮೊದಲೇ ತಾಯಿಮರದ ಮೇಲಿರುವಾಗಲೇ ಎಲೆ ಕತ್ತರಿಸಿ ತೊಟ್ಟು ಮಾತ್ರ ಬಿಡುತ್ತಾರಲ್ಲ, ಆ ಕಡ್ಡಿ. ಬೇರುಗಿಡಕ್ಕೆ ರೂಟ್‌ಸ್ಟಾಕ್. ಬರೆಯುವಾಗ ಎಸ್-ಸಿ-ಐ-ಒ-ಎನ್, ಹೇಳುವಾಗ ಸಾಯನ್, ‘ಸ್ಕಿಯಾನ್’ ಅಲ್ಲ. ಇದೇ ಪದಕ್ಕೆ ದೊಡ್ಡ ಮನೆತನದ ವಾರಸುದಾರ ಎಂಬ ಅರ್ಥವೂ ಇದೆ. ‘ವಂಶದ ಕುಡಿ’ಗೆ ಇದರಷ್ಟು ಒಪ್ಪುವ ಇಂಗ್ಲಿಷ್ ಪದ ಇನ್ನೊಂದಿಲ್ಲ. ಆದರೆ ಅದರಲ್ಲಿ ಸಿರಿವಂತಿಕೆಯ ಧ್ವನಿ ಇದೆ. ಬಡ ರೈತನ ಒಬ್ಬನೇ ಮಗನನ್ನು ವಂಶದ ಕುಡಿ ಎಂದಲ್ಲಿ ಸಾಯನ್ ಹಾಕಬೇಡಿ.

ಬಾಳೆಯ ಕಂದಿಗೆ ಸಕ್ಕರ್. ಕತ್ತಿಯಂತೆ ಕಿರಿದಾದ ಎಲೆಯಿದ್ದು ತಾಯಿಗಡ್ಡೆಗೆ ಗಟ್ಟಿಯಾಗಿ ಅಂಟಿರುವುದು ಸೋರ್ಡ್ ಸಕ್ಕರ್, ನಾಟಿಗೆ ಬೇಕಾದದ್ದು ಅದೇ. ಅಗಲ ಎಲೆಯದ್ದು ವಾಟರ್ ಸಕ್ಕರ್. ಕೊಳ್ಳುವಾಗ ಸಕ್ಕರ್ ಎಂದಷ್ಟೇ ಬರೆದರೆ ಎರಡೂ ಬೆರೆತು ಬರುತ್ತವೆ.

ಕಾಫಿಯ ತೋಟದಲ್ಲಿ ಈ ಪದ ಬೇರೆ ದಾರಿ ಹಿಡಿದಿದೆ. ಸಾಮಾನ್ಯ ತೋಟಗಾರಿಕೆಯಲ್ಲಿ ಬೇರಿನಿಂದ ಅಥವಾ ಬುಡದಿಂದ ಏಳುವುದು ಸಕ್ಕರ್, ಕಾಂಡದ ಮೇಲಿಂದ ನೆಟ್ಟಗೆ ಹೊರಡುವುದು ವಾಟರ್ ಸ್ಪ್ರೌಟ್. ಚಿಕ್ಕಮಗಳೂರು, ಕೊಡಗಿನ ಬೆಳೆಗಾರರು ಕಾಂಡದಿಂದ ನೆಟ್ಟಗೆ ಏಳುವ ಕಳ್ಳಚಿಗುರನ್ನೂ ಸಕ್ಕರ್ ಎಂದೇ ಕರೆಯುತ್ತಾರೆ, ಅದನ್ನು ತೆಗೆಯುವುದಕ್ಕೆ ಡೀಸಕ್ಕರಿಂಗ್ ಎನ್ನುತ್ತಾರೆ. ಕಾಫಿಯ ಬಗ್ಗೆ ಬರೆಯುವಾಗ ಅವರ ಪದವನ್ನೇ ಬಳಸಿ. ಅಡ್ಡರೆಂಬೆಗಳಿಗೂ ಅಲ್ಲಿ ಪ್ರೈಮರಿ (ಕಾಂಡದಿಂದ ಹೊರಟದ್ದು), ಸೆಕೆಂಡರಿ (ಪ್ರೈಮರಿಯಿಂದ ಕವಲೊಡೆದದ್ದು) ಎಂಬ ಖಚಿತ ಹೆಸರುಗಳಿವೆ. ಕತ್ತರಿಸಿಹೋದ ಪ್ರೈಮರಿ ಅದೇ ಜಾಗದಲ್ಲಿ ಮತ್ತೆ ಹುಟ್ಟುವುದಿಲ್ಲ. ಆದ್ದರಿಂದ ಇವನ್ನೆಲ್ಲ ಬರೀ ಬ್ರಾಂಚ್ ಎಂದು ಬರೆದ ಸೂಚನೆ ಕತ್ತರಿ ಹಿಡಿದವರ ಕೈಗೆ ಸಿಕ್ಕರೆ ಗಿಡಕ್ಕೇ ಪೆಟ್ಟು.

ಎಳೆಯ ಬೆಳವಣಿಗೆಗೆ ಒಟ್ಟಾರೆ ಶೂಟ್ ಸಾಕು. ಮಲೆನಾಡಿನ ಕಣಿಲೆ ಬ್ಯಾಂಬೂ ಶೂಟ್. ಶಿಡ್ಲಘಟ್ಟ, ರಾಮನಗರದ ಕಡೆ ದೊಡ್ಡ ರೇಷ್ಮೆಹುಳಕ್ಕೆ ಹಿಪ್ಪುನೇರಳೆ ಸೊಪ್ಪನ್ನು ಬಿಡಿಸದೆ ರೆಂಬೆ ಸಮೇತ ಹಾಕುವುದು ಶೂಟ್ ಫೀಡಿಂಗ್. ಮರವಿಡೀ ಒಮ್ಮೆಗೇ ಚಿಗುರಿದರೆ ಫ್ಲಶ್. ಸ್ಪ್ರೌಟ್ ಮೊಳಕೆಗೆ ಇರಲಿ, ಚಿಗುರಿಗೆ ಬೇಡ.

ಬೌ ಮತ್ತು ಲಿಮ್

ಕೋಶದಲ್ಲಿ ಒಂದೇ ಸಾಲಿನಲ್ಲಿದ್ದರೂ ಇವೆರಡೂ ಸಣ್ಣ ಕೊಂಬೆಗಳಲ್ಲ. ದೊಡ್ಡ ಹೆಗ್ಗೊಂಬೆಗಳು. ಬೌ ಕಾವ್ಯದ ಪದ, ಬಿ-ಒ-ಯು-ಜಿ-ಎಚ್ ಎಂದು ಬರೆದು ಬೌ ಎಂದು ಓದಬೇಕು. ‘ಮ್ಯಾಕ್‌ಬೆತ್’ ನಾಟಕದಲ್ಲಿ ಬರ್ನಂ ಕಾಡಿನಲ್ಲಿ ಸೈನಿಕರು ತಲಾ ಒಂದೊಂದು ಬೌ ಕಡಿದು ಮುಂದೆ ಹಿಡಿದು ನಡೆಯುತ್ತಾರೆ. ಆಳೊಬ್ಬ ಅದರ ಹಿಂದೆ ಮರೆಯಾಗಬೇಕು, ಕಾಡೇ ನಡೆದು ಬಂದಂತೆ ಕಾಣಬೇಕು, ಟ್ವಿಗ್‌ನಿಂದ ಆಗುವ ಕೆಲಸವಲ್ಲ. ಲಿಮ್ ದಿನಬಳಕೆಯದು, ಕೊನೆಯ ‘ಬಿ’ ಉಚ್ಚಾರವಾಗುವುದಿಲ್ಲ. ಗಾಳಿಮಳೆಗೆ ಕಾರಿನ ಮೇಲೆ ಬಿದ್ದ ಕೊಂಬೆಯ ಬಗ್ಗೆ ವಿಮೆ ಕಂಪನಿಗೆ ಬರೆಯುವಾಗ ಬ್ರಾಂಚ್ ಎಂದರೂ ಸಾಕು, ತೀರ ದಪ್ಪದಾದರೆ ಲಾರ್ಜ್ ಲಿಮ್ ಎನ್ನಿ.

ಯಾರಿಗೆ ಯಾವುದು

ಕಲಿಯಲು ಹೆಚ್ಚು ಹೊತ್ತಿಲ್ಲದವರಿಗೆ ಬ್ರಾಂಚ್, ಟ್ವಿಗ್, ಸ್ಟಿಕ್, ಶೂಟ್ ನಾಲ್ಕು ಸಾಕು. ದಿನನಿತ್ಯದ ಬರಹದಲ್ಲಿ ಇವುಗಳಿಂದಲೇ ಕೆಲಸ ನಡೆಯುತ್ತದೆ. ಅಡುಗೆ ಬರೆಯುವವರು ಇವಕ್ಕೆ ಸ್ಪ್ರಿಗ್ ಸೇರಿಸಿಕೊಳ್ಳಲಿ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಎರಡನ್ನು ನೆನಪಿಡಬೇಕು: ಬೌ ಎದುರು ಬ್ರಾಂಚ್ ಮತ್ತು ಟ್ವಿಗ್ ಎರಡೂ ಇದ್ದರೆ ಬ್ರಾಂಚ್ ಗುರುತಿಸಿ, ಸಾಯನ್ ಎದುರು ಡಿಸೆಂಡೆಂಟ್ ಕಂಡರೆ ಅನುಮಾನಿಸಬೇಡಿ. ನರ್ಸರಿಯವರು, ಕೃಷಿ ವಿದ್ಯಾರ್ಥಿಗಳು ಕಟಿಂಗ್, ಸಾಯನ್, ಸಕ್ಕರ್ ಮೂರನ್ನು ಬಿಗಿಯಾಗಿ ಹಿಡಿದು ಟ್ವಿಗ್, ಸ್ಟಿಕ್‌ಗಳನ್ನು ಚೀಟಿಯಿಂದ ದೂರ ಇಡಲಿ. ಸಸ್ಯವರ್ಣನೆ ಬರೆಯುವವರಿಗೆ ಬ್ರಾಂಚ್‌ಲೆಟ್ ಎಂಬ ಪಾರಿಭಾಷಿಕ ಪದವಿದೆ, ಕತೆಯಲ್ಲಿ ಅದು ಕೃತಕವಾಗಿ ಕೇಳಿಸುತ್ತದೆ.

ಅನುವಾದಕರ ಪಾಡು ಎಲ್ಲರಿಗಿಂತ ಕಷ್ಟದ್ದು. ಚಿತ್ರದ ಸಬ್‌ಟೈಟಲ್ ಬರೆಯುವವರಿಗೆ ಒಂದು ಸಾಲಿಗಿಂತ ಹೆಚ್ಚು ಜಾಗವಿಲ್ಲ, ಚಿಕ್ಕ ಪದವನ್ನೇ ಹಿಡಿಯಬೇಕು. ಪರದೆಯ ಮೇಲೆ ಬರಲು ಹೇಗೂ ಕಾಣುತ್ತಿರುವುದರಿಂದ ಸ್ಟಿಕ್ ಎಂದರೆ ನಷ್ಟವಿಲ್ಲ. ಕಾದಂಬರಿ ಅನುವಾದಿಸುವವರಿಗೆ ಜಾಗವಿದೆ, ಆದರೆ ಚಿತ್ರವಿಲ್ಲ. ಶಿರಸಿ, ಸಿದ್ದಾಪುರದ ಅಡಿಕೆ ತೋಟದವರು ಸೊಪ್ಪಿನ ಬೆಟ್ಟದಿಂದ ಗೊಬ್ಬರಕ್ಕೆಂದು ಕಡಿದು ತರುವ ಸೊಪ್ಪು ಬರೀ ಎಲೆಯಲ್ಲ, ಸಣ್ಣ ರೆಂಬೆಗಳ ಸಮೇತ ಕಡಿದದ್ದು. ಲೀವ್ಸ್ ಎಂದರೆ ಕಡಿದದ್ದು ಬಿಟ್ಟುಹೋಗುತ್ತದೆ, ಟ್ವಿಗ್ಸ್ ಎಂದರೆ ಹಸಿರು ಬಿಟ್ಟುಹೋಗುತ್ತದೆ. ಇದಕ್ಕೆ ಸರಿಯಾದ ಪದ ಲಾಪಿಂಗ್ಸ್. ಬೆಟ್ಟದ ಹೆಸರನ್ನು ಮಾತ್ರ ಸೊಪ್ಪಿನ ಬೆಟ್ಟ ಎಂದೇ ಇಟ್ಟು, ಮೊದಲ ಸಲ ಬಂದಲ್ಲಿ ಯಾರಾದರೊಬ್ಬರು ಲಾಪಿಂಗ್ಸ್ ಹೊತ್ತು ಅಲ್ಲಿಂದ ಇಳಿದು ಬರುವಂತೆ ವಾಕ್ಯ ಕಟ್ಟಿ. ಅಡಿಟಿಪ್ಪಣಿಯ ಅಗತ್ಯ ಬೀಳುವುದಿಲ್ಲ.